ಕೆಂಪು ದೀಪ ಹೊತ್ತಿದ ಮೇಲೆ

"ಮೇಷ್ಟ್ರೇ, ಟೀವೀಲಿ ಕಾಣಿಸ್ಕೊಳಕ್ಕೂ ಮೂರು ವರ್ಷ ಓದ್ಬೇಕಾ?"

ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣದ ರೈತರೊಬ್ಬರು ಹೀಗೆ ಕೇಳಿದಾಗ ಅವರ ದನಿಯಲ್ಲಿ ಕುಹಕವಿರಲಿಲ್ಲ, ಆತಂಕವಿತ್ತು. ಮನೆಯಲ್ಲಿ ಒಂದಿಷ್ಟು ಹಿಪ್ಪುನೇರಳೆ, ಒಂದಿಷ್ಟು ತೆಂಗು, ಡೇರಿಗೆ ಹಾಲು ಹಾಕುವ ಎರಡು ಹಸು. ದ್ವಿತೀಯ ಪಿಯುಸಿ ಮುಗಿಸಿದ ಮಗಳು ಬಿ.ಕಾಂ. ಅರ್ಜಿಯನ್ನು ಪಕ್ಕಕ್ಕಿಟ್ಟು, ಪತ್ರಿಕೋದ್ಯಮ ಮತ್ತು ಟೆಲಿವಿಷನ್ ನಿರ್ಮಾಣ ಕಲಿಸುವ ಕೋರ್ಸಿಗೆ ಸೇರುತ್ತೇನೆಂದು ಹಠ ಹಿಡಿದಿದ್ದಾಳೆ.

ಅಪ್ಪನ ಪ್ರಶ್ನೆಗೆ ಬಾಗಿಲ ಬಳಿ ನಿಂತಿದ್ದ ಮಗಳೇ ಉತ್ತರ ಕೊಟ್ಟಳು: "ಕಾಣಿಸ್ಕೊಳಕ್ಕಲ್ಲ ಕಣಪ್ಪ, ತೋರ್ಸಕ್ಕೆ."

ಆ ಒಂದು ಮಾತಿನಲ್ಲಿ ಇಡೀ ವಿಷಯವಿದೆ. ಟೆಲಿವಿಷನ್ ಎಂದೊಡನೆ ನಮಗೆ ನೆನಪಾಗುವುದು ಪರದೆಯ ಮೇಲಿನ ಮುಖ. ಆ ಒಂದು ಮುಖ ನಮ್ಮ ಮನೆಯವರೆಗೆ ಬರಬೇಕಾದರೆ ಅದರ ಹಿಂದೆ ಹತ್ತು ಹದಿನೈದು ಜನ ಕೆಲಸ ಮಾಡಿರುತ್ತಾರೆ. ಅವರ ಮುಖವನ್ನು ನಾವು ನೋಡುವುದಿಲ್ಲ, ಹೆಸರನ್ನೂ ಓದುವುದಿಲ್ಲ. ಹೆಸರು ಬರುವ ಹೊತ್ತಿಗೆ ಚಾನೆಲ್ ಬದಲಿಸಿರುತ್ತೇವೆ. ಕಾಲೇಜಿನ ಕೋರ್ಸು ಕಲಿಸುವುದು ಮುಖ್ಯವಾಗಿ ಈ ಕಾಣದವರ ಕೆಲಸವನ್ನು. ಆ ಕೆಲಸ ಯಾವುದು, ಅದನ್ನು ಕಲಿಯುವುದು ಹೇಗೆ, ಕಲಿತವರಿಗೆ ಮುಂದೇನು ಎಂಬುದನ್ನು ಮಕ್ಕಳೂ ಹೆತ್ತವರೂ ಒಟ್ಟಿಗೆ ಕೂತು ತಿಳಿದುಕೊಳ್ಳುವುದು ಒಳ್ಳೆಯದು.

ಬೆಟ್ಟ ನಮ್ಮದು, ಕ್ಯಾಮೆರಾ ಯಾರದು?

ರಾಮನಗರ ಸೀಮೆಗೆ ಕ್ಯಾಮೆರಾ ಹೊಸದಲ್ಲ. ರಮೇಶ್ ಸಿಪ್ಪಿ ನಿರ್ದೇಶನದ 'ಶೋಲೆ' ಚಿತ್ರದ ಚಿತ್ರೀಕರಣ 1973ರ ಅಕ್ಟೋಬರಿನಲ್ಲಿ ಇಲ್ಲಿನ ಬಂಡೆಗಳ ನಡುವೆ ಶುರುವಾಯಿತು. 1975ರ ಆಗಸ್ಟ್ 15ರಂದು ಚಿತ್ರ ತೆರೆ ಕಂಡ ಮೇಲೆ ರಾಮದೇವರ ಬೆಟ್ಟವನ್ನು ದೇಶವೆಲ್ಲ ನೋಡಿತು. ಇಂಗ್ಲೆಂಡಿನ ಡೇವಿಡ್ ಲೀನ್ 1984ರಲ್ಲಿ ತೆರೆಗೆ ತಂದ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರಕ್ಕೆ ಗುಹೆಗಳ ದೃಶ್ಯ ಹುಡುಕಿಕೊಂಡು ಬಂದದ್ದು ಮಾಗಡಿ ತಾಲ್ಲೂಕಿನ ಸಾವನದುರ್ಗದ ಕಡೆಗೇ. ಬಿಡದಿಯಲ್ಲಿ 2008ರಲ್ಲಿ ಫಿಲ್ಮ್ ಸಿಟಿಯೊಂದು ಬಾಗಿಲು ತೆರೆಯಿತು. 2015ರಲ್ಲಿ ಕನ್ನಡದ 'ಬಿಗ್ ಬಾಸ್' ಮನೆಯೂ ಲೋನಾವಳದಿಂದ ಅಲ್ಲಿಗೇ ಬಂದು, ಹಲವು ವರ್ಷ ಅಲ್ಲಿಯೇ ಇತ್ತು. ಚನ್ನಪಟ್ಟಣದಲ್ಲಿ ಬೆಂಗಳೂರು ರೈಲು ಹತ್ತಿದರೆ ರಾಮನಗರ ದಾಟಿ ಬಿಡದಿ ಬರುತ್ತದೆ. ನಾಡೆಲ್ಲ ನೋಡುವ ಕಾರ್ಯಕ್ರಮ ನಮ್ಮ ಹಳಿಯ ಪಕ್ಕದಲ್ಲೇ ತಯಾರಾಗುತ್ತಿತ್ತು.

ಚಿತ್ರೀಕರಣ ಬಂದಾಗಲೆಲ್ಲ ನಮ್ಮ ಕಡೆಯ ಜನ ನೋಡಲು ಹೋದರು. ಕೆಲವರು ಸೆಟ್ಟು ಕಟ್ಟುವ ಕೂಲಿಗೆ ಹೋದರು. ಕೆಲವರು ಗುಂಪಿನ ದೃಶ್ಯದಲ್ಲಿ ನಿಂತು ಬಂದರು. ಕ್ಯಾಮೆರಾದ ಹಿಂದೆ ನಿಂತವರು ಎಷ್ಟು ಜನ ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಿಕೊಂಡಿಲ್ಲ. ಬೈರಾಪಟ್ಟಣದ ಆ ಹುಡುಗಿಯ ಹಠವನ್ನು ಹಗುರವಾಗಿ ತಳ್ಳಿಹಾಕಬಾರದು ಎನಿಸುವುದು ಇದಕ್ಕೇ.

ಒಳಗೆ ಹೋಗಿ ಬರೋಣ

ಬನ್ನಿ, ಕಾಲೇಜೊಂದರ ಟೆಲಿವಿಷನ್ ಸ್ಟುಡಿಯೊದೊಳಗೆ ಒಮ್ಮೆ ಹೋಗಿ ಬರೋಣ. ಮೊದಲು ಗಮನಕ್ಕೆ ಬರುವುದು ಬಾಗಿಲು. ಅದು ದಪ್ಪ, ಭಾರ. ಮುಚ್ಚಿದರೆ ಹೊರಗಿನ ಬಸ್ಸಿನ ಹಾರನ್ ಕೇಳಿಸದು. ಬಾಗಿಲ ಮೇಲೊಂದು ಕೆಂಪು ದೀಪ. ಅದು ಹೊತ್ತಿದ್ದರೆ ಒಳಗೆ ಚಿತ್ರೀಕರಣ ನಡೆಯುತ್ತಿದೆ ಎಂದರ್ಥ. ಪ್ರಾಂಶುಪಾಲರೇ ಬಂದರೂ ಹೊರಗೇ ನಿಲ್ಲಬೇಕು.

ಒಳಗೆ ಕಿಟಕಿಗಳಿಲ್ಲ. ಗೋಡೆಗೆ ಸದ್ದು ಹೀರುವ ಹೊದಿಕೆ. ತಲೆಯ ಮೇಲೆ ಕಬ್ಬಿಣದ ಕೊಳವೆಗಳ ಜಾಲರಿ, ಅದರಿಂದ ತೂಗುವ ದೀಪಗಳು. ನೆಲದ ಮೇಲೆ ಎರಡೋ ಮೂರೋ ಕ್ಯಾಮೆರಾ. ಒಂದು ಗೋಡೆಗೆ ಹಸಿರು ಬಣ್ಣ ಬಳಿದಿರುತ್ತಾರೆ, ಇಲ್ಲವೇ ಹಸಿರು ಬಟ್ಟೆ ಇಳಿಬಿಟ್ಟಿರುತ್ತಾರೆ. ಇದಿಷ್ಟು 'ಫ್ಲೋರ್'.

ಪಕ್ಕದಲ್ಲಿ ಇನ್ನೊಂದು ಕೋಣೆ. ಅಲ್ಲಿ ಸಾಲು ಸಾಲು ಮಾನಿಟರ್‌ಗಳು. ಒಂದೊಂದು ಕ್ಯಾಮೆರಾ ಕಾಣುತ್ತಿರುವುದು ಒಂದೊಂದರಲ್ಲಿ. ಇದು ನಿಯಂತ್ರಣ ಕೊಠಡಿ. ನಿರ್ದೇಶಕ ಕೂರುವುದು ಇಲ್ಲಿ. ಸಿನಿಮಾ ನಿರ್ದೇಶಕರು ಕ್ಯಾಮೆರಾ ಪಕ್ಕ ನಿಂತ ಫೋಟೊಗಳನ್ನು ನೋಡಿದವರಿಗೆ ಇದು ಅಚ್ಚರಿ. ಟೆಲಿವಿಷನ್ ಸ್ಟುಡಿಯೊದಲ್ಲಿ ನಿರ್ದೇಶಕ ಫ್ಲೋರಿನಲ್ಲಿ ಇರುವುದೇ ಇಲ್ಲ. ಅವನ ದನಿ ಮಾತ್ರ ಎಲ್ಲರ ಕಿವಿಯಲ್ಲಿರುತ್ತದೆ.

ಅವನ ಪಕ್ಕದಲ್ಲಿ ವಿಷನ್ ಮಿಕ್ಸರ್ ಎಂಬ ಗುಂಡಿಗಳ ಯಂತ್ರ. "ಎರಡು ರೆಡಿ... ಟೇಕ್ ಎರಡು" ಎಂದು ನಿರ್ದೇಶಕ ಹೇಳಿದ ಕ್ಷಣ ಮಿಕ್ಸರ್ ಮುಂದೆ ಕೂತ ವಿದ್ಯಾರ್ಥಿನಿ ಎರಡನೇ ಗುಂಡಿ ಒತ್ತುತ್ತಾಳೆ. ಫ್ಲೋರಿನಲ್ಲಿ ಎರಡನೇ ಕ್ಯಾಮೆರಾದ ಮೇಲೆ ಪುಟ್ಟ ಕೆಂಪು ದೀಪ ಹೊತ್ತುತ್ತದೆ. ಆ ಕ್ಷಣದಿಂದ ವೀಕ್ಷಕ ನೋಡುವುದು ಆ ಕ್ಯಾಮೆರಾ ಕಂಡದ್ದನ್ನು. ದೀಪ ಹೊತ್ತಿರುವಷ್ಟು ಹೊತ್ತು ಆ ಕ್ಯಾಮೆರಾ ಹಿಡಿದವನು ಅಲುಗಾಡುವಂತಿಲ್ಲ; ಆರಿದೊಡನೆ ಮುಂದಿನ ಚಿತ್ರಕ್ಕೆ ಸಿದ್ಧನಾಗಬೇಕು.

ಒಟ್ಟಿಗೆ ಮೂರು ಕ್ಯಾಮೆರಾ ಏಕೆ? ಒಂದೇ ಕ್ಯಾಮೆರಾ ಇದ್ದರೆ ಮಾತನಾಡುವವರನ್ನು ಮತ್ತೆ ಮತ್ತೆ ನಿಲ್ಲಿಸಿ, ಜಾಗ ಬದಲಿಸಿ ಚಿತ್ರಿಸಬೇಕು. ಸಿನಿಮಾದಲ್ಲಿ ಹಾಗೆ ಮಾಡಬಹುದು. ನೇರ ಪ್ರಸಾರದಲ್ಲಿ ಸಾಧ್ಯವಿಲ್ಲ. ಅಮೆರಿಕದ 'ಐ ಲವ್ ಲೂಸಿ' ಎಂಬ ಹಾಸ್ಯ ಧಾರಾವಾಹಿ 1951ರಲ್ಲಿ ಆರಂಭವಾದಾಗ, ಪ್ರೇಕ್ಷಕರನ್ನು ಎದುರಿಗೆ ಕೂರಿಸಿಕೊಂಡು ಮೂರು ಫಿಲ್ಮ್ ಕ್ಯಾಮೆರಾಗಳಲ್ಲಿ ಒಟ್ಟಿಗೆ ಚಿತ್ರಿಸುತ್ತಿದ್ದರು. ಅದರ ಛಾಯಾಗ್ರಾಹಕ ಕಾರ್ಲ್ ಫ್ರಾಯಿಂಡ್ 1927ರ ಜರ್ಮನ್ ಚಿತ್ರ 'ಮೆಟ್ರೊಪೊಲಿಸ್'ಗೆ ಕ್ಯಾಮೆರಾ ಹಿಡಿದಿದ್ದವರು. ಮೂರೂ ಕಡೆಯಿಂದ ಮುಖ ಚೆನ್ನಾಗಿ ಕಾಣುವಂತೆ ಬೆಳಕು ಹಂಚುವುದು ಹೇಗೆಂಬುದು ಆಗ ಅವರಿಗೂ ಹೊಸ ಪಾಠವೇ ಆಗಿತ್ತು.

ಹಗ್ಗ ಸುತ್ತುವುದರಿಂದ ಶುರು

ಸೇರಿದ ಮೊದಲ ವಾರವೇ ಕ್ಯಾಮೆರಾ ಕೈಗೆ ಬರುತ್ತದೆ ಎಂದುಕೊಂಡವರಿಗೆ ನಿರಾಸೆ ಕಾದಿರುತ್ತದೆ. ಒಳ್ಳೆಯ ಕಡೆ ಮೊದಲು ಕಲಿಸುವುದು ಕೇಬಲ್ ಸುತ್ತುವುದನ್ನು. ಮೊಳಕೈಗೆ ಹಾಕಿ ಬರಬರನೆ ಸುತ್ತಿದರೆ ಒಳಗಿನ ತಂತಿ ತಿರುಚಿಕೊಂಡು ಒಂದು ದಿನ ಮುರಿಯುತ್ತದೆ. ಒಂದು ಸುತ್ತು ಮೇಲಿನಿಂದ, ಒಂದು ಸುತ್ತು ಕೆಳಗಿನಿಂದ ಹಾಕಿದರೆ ಎಸೆದಾಗ ಸಿಕ್ಕಿಲ್ಲದೆ ನೇರ ಬಿಚ್ಚಿಕೊಳ್ಳುತ್ತದೆ. ಬಾವಿ ಹಗ್ಗ, ಹಸುವಿನ ಹಗ್ಗ ಸುತ್ತಿ ಬೆಳೆದ ಹಳ್ಳಿಯ ಮಕ್ಕಳಿಗೆ ಇದು ಬೇಗ ಹತ್ತುತ್ತದೆ.

ಆಮೇಲೆ ಬೆಳಕು. ಮುಖಕ್ಕೆ ಒಂದು ಪಕ್ಕದಿಂದ ಬೀಳುವ ಮುಖ್ಯ ದೀಪ, ಇನ್ನೊಂದು ಪಕ್ಕದ ನೆರಳನ್ನು ಮೆತ್ತಗೆ ಮಾಡುವ ಪೂರಕ ದೀಪ, ಹಿಂದಿನಿಂದ ಭುಜ ಮತ್ತು ತಲೆಗೂದಲಿಗೆ ಅಂಚು ಕೊಡುವ ಹಿನ್ನೆಲೆ ದೀಪ. ಈ ಮೂರರ ಲೆಕ್ಕ ತಿಳಿದರೆ ಅರ್ಧ ವಿದ್ಯೆ ತಿಳಿದಂತೆ. ಹಿಂದಿನ ದೀಪ ಆರಿಸಿ ನೋಡಿದರೆ ಕುಳಿತವರು ಗೋಡೆಗೆ ಅಂಟಿಸಿದ ಚಿತ್ರದಂತೆ ಕಾಣುತ್ತಾರೆ.

ಬೆಳಕಿಗೂ ಬಣ್ಣವುಂಟು ಎಂಬುದು ಮುಂದಿನ ಪಾಠ. ಹಳೆಯ ಟಂಗ್‌ಸ್ಟನ್ ದೀಪದ ಬೆಳಕು ಹಳದಿಗೆ ತಿರುಗಿದ್ದು, ಸುಮಾರು 3200 ಕೆಲ್ವಿನ್. ಮಧ್ಯಾಹ್ನದ ಹಗಲ ಬೆಳಕು ನೀಲಿಗೆ ತಿರುಗಿದ್ದು, ಸುಮಾರು 5600 ಕೆಲ್ವಿನ್. ನಮ್ಮ ಕಣ್ಣು ಎರಡನ್ನೂ ಸರಿದೂಗಿಸಿಕೊಳ್ಳುತ್ತದೆ. ಕ್ಯಾಮೆರಾಗೆ ಬಿಳಿ ಕಾಗದ ತೋರಿಸಿ "ಇದು ಬಿಳಿ" ಎಂದು ಹೇಳಿಕೊಡಬೇಕು. ಮರೆತರೆ ಅತಿಥಿಗೆ ಕಾಮಾಲೆ ಬಂದಂತೆ ಕಾಣುತ್ತದೆ. ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದವರಿಗೆ ಆ ಪಾಠ ಇಲ್ಲಿ ಕಣ್ಣೆದುರು ಬರುತ್ತದೆ. ಕಲಾ ವಿಭಾಗದವರೂ ಹೆದರಬೇಕಿಲ್ಲ, ಕೈಯಲ್ಲಿ ಮಾಡುತ್ತಾ ತಿಳಿಯುವ ವಿಷಯ ಇದು.

ಧ್ವನಿಯ ಪಾಠದಲ್ಲಿ ನಮ್ಮ ಸೀಮೆಯವರಿಗೆ ನಗು ಬರುವ ಸಂಗತಿಯೊಂದಿದೆ. ಸೆರಗಿಗೆ ಸಿಕ್ಕಿಸುವ ಪುಟ್ಟ ಮೈಕಿಗೆ ರೇಷ್ಮೆ ಸೀರೆ ಎಂದರೆ ಆಗದು. ಸೀರೆಯ ಸರಪರ ಸದ್ದು ಮಾತಿಗಿಂತ ಜೋರಾಗಿ ಕೇಳುತ್ತದೆ. ಗಾಜಿನ ಬಳೆಯೂ ಹಾಗೆಯೇ. ಹಸಿರು ಗೋಡೆಯ ಮುಂದೆ ಹಸಿರು ಸೀರೆ ಉಟ್ಟು ಕೂತರೆ ಇನ್ನೂ ಫಜೀತಿ: ಹಸಿರು ಬಣ್ಣವನ್ನು ತೆಗೆದು ಅಲ್ಲಿ ಬೇರೆ ಚಿತ್ರ ತುಂಬುವುದೇ ಆ ಗೋಡೆಯ ಉಪಯೋಗವಾದ್ದರಿಂದ, ಸೀರೆಯೂ ಮಾಯವಾಗಿ ತಲೆ ಮತ್ತು ಕೈಗಳು ಮಾತ್ರ ಗಾಳಿಯಲ್ಲಿ ಉಳಿಯುತ್ತವೆ. ಅತಿಥಿಗೆ ಹಿಂದಿನ ದಿನವೇ ದೂರವಾಣಿ ಮಾಡಿ ಯಾವ ಬಟ್ಟೆ ಬೇಡ ಎಂದು ಹೇಳುವುದೂ ನಿರ್ಮಾಣದ ಒಂದು ಕೆಲಸ.

ಮತ್ತೆ ಲೆಕ್ಕ. ನಮ್ಮ ಟೆಲಿವಿಷನ್ನಿನಲ್ಲಿ ಸೆಕೆಂಡಿಗೆ 25 ಚಿತ್ರ. ಅಂದರೆ ಒಂದು ಗಂಟೆಗೆ 90,000. ಕಾರ್ಯಕ್ರಮ 7 ಗಂಟೆ 28 ನಿಮಿಷ 30 ಸೆಕೆಂಡಿಗೆ ಮುಗಿಯಲೇಬೇಕು ಎಂದಿಟ್ಟುಕೊಳ್ಳಿ. ಕೊನೆಯ ಹೆಸರುಗಳಿಗೆ 40 ಸೆಕೆಂಡು, ನಿರೂಪಕಿಯ ವಂದನೆಗೆ 20 ಸೆಕೆಂಡು. ಹಾಗಾದರೆ ಅತಿಥಿಯ ಮಾತು 7 ಗಂಟೆ 27 ನಿಮಿಷ 30 ಸೆಕೆಂಡಿಗೆ ನಿಲ್ಲಬೇಕು. ಹೀಗೆ ಕೊನೆಯಿಂದ ಹಿಂದಕ್ಕೆ ಎಣಿಸುತ್ತಾ ಬರುವುದನ್ನು ಪ್ರತಿ ವಿದ್ಯಾರ್ಥಿಯೂ ಕಲಿಯುತ್ತಾನೆ. ಫ್ಲೋರ್ ಮ್ಯಾನೇಜರ್ ಕ್ಯಾಮೆರಾದ ಪಕ್ಕ ನಿಂತು ಬೆರಳೆತ್ತಿ ತೋರಿಸುವುದು ಇದನ್ನೇ. "ಐದು, ನಾಲ್ಕು, ಮೂರು" ಎಂಬಲ್ಲಿಗೆ ಬಾಯಿ ಮುಚ್ಚುತ್ತದೆ. ಎರಡು, ಒಂದು ಎಂಬುದು ಬೆರಳಲ್ಲೇ. ಆಗಲೇ ಮೈಕು ತೆರೆದಿರುತ್ತದೆ.

ನಿಜವಾದ ಪಾಠ ಯಾವುದು?

ಇಂಥ ತರಗತಿಗಳಲ್ಲಿ ವಿದ್ಯಾರ್ಥಿಗಳು ವಾರಕ್ಕೊಂದು ಕೆಲಸ ಬದಲಿಸಿಕೊಳ್ಳುವುದು ವಾಡಿಕೆ. ಈ ವಾರ ನಿರ್ದೇಶಕನಾಗಿದ್ದವನು ಮುಂದಿನ ವಾರ ಕೇಬಲ್ ಹಿಡಿಯುತ್ತಾನೆ. ಈ ವಾರ ಮಾತನಾಡಲು ಹೆದರುವ ಹುಡುಗಿ ಮುಂದಿನ ವಾರ ಫ್ಲೋರ್ ಮ್ಯಾನೇಜರ್ ಆಗಿ ಮೇಷ್ಟರನ್ನೇ "ಸರ್, ಸುಮ್ಮನಿರಿ" ಎಂದು ಗದರಬೇಕಾಗುತ್ತದೆ. ಕ್ಯಾಮೆರಾ ಹಿಡಿದವನು ಚೆನ್ನಾಗಿ ಹಿಡಿದು, ಧ್ವನಿಯವನು ಮೈಕಿನ ಬ್ಯಾಟರಿ ನೋಡದಿದ್ದರೆ ಇಡೀ ತಂಡದ ಕೆಲಸ ಮಣ್ಣುಪಾಲು. ಪರೀಕ್ಷೆಯಲ್ಲಿ ಒಬ್ಬನೇ ಓದಿ ಒಬ್ಬನೇ ಬರೆದು ಒಬ್ಬನೇ ಅಂಕ ಪಡೆಯುವ ನಮ್ಮ ಮಕ್ಕಳಿಗೆ ಈ ಅಭ್ಯಾಸ ಹೊಸದು. ತನ್ನ ತಪ್ಪಿಗೆ ಬೇರೆಯವರ ಮುಖ ಬಾಡುವುದನ್ನು ಒಮ್ಮೆ ಕಂಡವರು ಮರುದಿನ ಬ್ಯಾಟರಿ ಎರಡು ಬಾರಿ ನೋಡುತ್ತಾರೆ.

ಬೈರಾಪಟ್ಟಣದ ಆ ರೈತರಿಗೆ ಇದನ್ನು ತಿಳಿಸಲು ಹೆಚ್ಚು ಕಷ್ಟವಾಗಲಿಲ್ಲ. ರೇಷ್ಮೆ ಹುಳು ನಾಲ್ಕನೇ ಜ್ವರದಿಂದ ಎದ್ದ ಮೇಲೆ ಅವರ ಮನೆಯಲ್ಲಿ ಯಾರಿಗೂ ಸರಿಯಾದ ನಿದ್ದೆಯಿಲ್ಲ. ಒಬ್ಬರು ಸೊಪ್ಪು ಕೊಯ್ಯಬೇಕು, ಒಬ್ಬರು ಹಾಕಬೇಕು, ಒಬ್ಬರು ಹಣ್ಣಾದ ಹುಳು ಆರಿಸಿ ಚಂದ್ರಿಕೆಗೆ ಬಿಡಬೇಕು. ಹುಳು ಹಣ್ಣಾಗುವ ಹೊತ್ತನ್ನು ನಾವು ಮುಂದೂಡುವಂತಿಲ್ಲ. ಪ್ರಸಾರದ ಹೊತ್ತೂ ಹಾಗೆಯೇ. "ಅಂಗಾರೆ ಇದೂ ಒಂದು ಬೇಸಾಯನೇ ಅನ್ನಿ" ಎಂದರು ಅವರು.

ಕರ್ನಾಟಕದ ಹಳೆಯ ನಂಟು

ಕ್ಯಾಮೆರಾ, ಧ್ವನಿಗಳನ್ನು ಕಾಲೇಜಿನಲ್ಲಿ ಕಲಿಸುವುದು ನಮ್ಮ ರಾಜ್ಯಕ್ಕೆ ಹೊಸತಲ್ಲ. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಮತ್ತು ಧ್ವನಿಗ್ರಹಣದ ಶಿಕ್ಷಣ 1940ರ ದಶಕದಲ್ಲೇ ಶುರುವಾಯಿತು. ಪುಣೆಯಲ್ಲಿ ಫಿಲ್ಮ್ ಇನ್‌ಸ್ಟಿಟ್ಯೂಟ್ ಹುಟ್ಟಿದ್ದು 1960ರಲ್ಲಿ ಎಂಬುದನ್ನು ನೆನೆದರೆ ನಮ್ಮವರ ಮುಂದಾಲೋಚನೆ ತಿಳಿಯುತ್ತದೆ. ಮೈಸೂರಿನ ವಿ.ಕೆ. ಮೂರ್ತಿ ಅಲ್ಲಿ 1946ರಲ್ಲಿ ಡಿಪ್ಲೊಮಾ ಪಡೆದರು. ಮುಂದೆ ಗುರುದತ್ತರ 'ಪ್ಯಾಸಾ', 'ಕಾಗಜ್ ಕೆ ಫೂಲ್' ಚಿತ್ರಗಳ ಬೆಳಕು ನೆರಳಿನಿಂದ ಹೆಸರಾದರು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಅವರಿಗೆ ಸಂದಾಗ, ಆ ಗೌರವ ಪಡೆದ ಮೊದಲ ಛಾಯಾಗ್ರಾಹಕ ಅವರಾದರು. ಅದೇ ಪಾಲಿಟೆಕ್ನಿಕ್ಕಿನಲ್ಲಿ 1962ರಲ್ಲಿ ಓದು ಮುಗಿಸಿದ ಗೋವಿಂದ ನಿಹಲಾನಿ, ಮೂರ್ತಿಯವರಿಗೇ ಸಹಾಯಕರಾಗಿ ಕೆಲಸ ಕಲಿತರು. 1988ರಲ್ಲಿ ದೂರದರ್ಶನದಲ್ಲಿ ಬಂದು ದೇಶವನ್ನೇ ಕಲಕಿದ 'ತಮಸ್' ಅವರದು. ಆ ಛಾಯಾಗ್ರಹಣ, ಧ್ವನಿಗ್ರಹಣ ಕೋರ್ಸುಗಳು 1996ರಲ್ಲಿ ಹೆಸರಘಟ್ಟಕ್ಕೆ ಸ್ಥಳಾಂತರಗೊಂಡವು. ಅದೇ ಸರ್ಕಾರಿ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ.

ಟೆಲಿವಿಷನ್ನಿಗೂ ಹಳ್ಳಿಗೂ ಇರುವ ನಂಟೂ ಹಳೆಯದೇ. ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ದೇಶದ ಮೊದಲ ಪ್ರಸಾರ ನಡೆಯಿತು. ಕನ್ನಡದ ಹಳ್ಳಿಗಳಿಗೆ ಅದು ತಲುಪಿದ್ದು ಉಪಗ್ರಹದ ಮೂಲಕ. 1975ರ ಆಗಸ್ಟಿನಿಂದ 1976ರ ಜುಲೈವರೆಗೆ ನಡೆದ 'ಸೈಟ್' ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕೃಷಿ, ಆರೋಗ್ಯ, ಶಿಕ್ಷಣದ ಕಾರ್ಯಕ್ರಮಗಳು ಹೋದವು. ವಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳು ಅದರಲ್ಲಿದ್ದವು. ಟೆಲಿವಿಷನ್ ನಮ್ಮಲ್ಲಿಗೆ ಮೊದಲು ಬಂದದ್ದು ಮೇಷ್ಟರ ವೇಷದಲ್ಲಿ ಎನ್ನಬಹುದು. 1984ರ ಆಗಸ್ಟ್ 15ರಿಂದ ವಿಶ್ವವಿದ್ಯಾನಿಲಯ ಅನುದಾನ ಆಯೋಗದ ದೇಶವ್ಯಾಪಿ ತರಗತಿ ಕಾರ್ಯಕ್ರಮ ದೂರದರ್ಶನದಲ್ಲಿ ಶುರುವಾಯಿತು. ಅಂಥ ಪಾಠಗಳನ್ನು ತಯಾರಿಸುವ ಮಾಧ್ಯಮ ಕೇಂದ್ರವೊಂದು ಮೈಸೂರಿನ ಮಾನಸಗಂಗೋತ್ರಿಯಲ್ಲಿದೆ.

ಸ್ಟುಡಿಯೊ ಕಾರ್ಯಕ್ರಮ ಹೇಗಿರಬೇಕೆಂದು ಕಲಿಯಲು ದೊಡ್ಡ ಖರ್ಚಿನ ಉದಾಹರಣೆ ಬೇಡ. ದೂರದರ್ಶನದ ಚಂದನ ವಾಹಿನಿಯಲ್ಲಿ 2002ರಲ್ಲಿ ಆರಂಭವಾದ, ಡಾ. ನಾ. ಸೋಮೇಶ್ವರ ಅವರು ನಡೆಸಿಕೊಟ್ಟ 'ಥಟ್ ಅಂತ ಹೇಳಿ' ನೆನೆಯಿರಿ. ಒಬ್ಬ ನಿರೂಪಕ, ಬೆರಳೆಣಿಕೆಯ ಸ್ಪರ್ಧಿಗಳು, ಬಹುಮಾನಕ್ಕೆ ಪುಸ್ತಕ. ಇಷ್ಟರಲ್ಲೇ ಅದು ಸಾವಿರಾರು ಕಂತು ನಡೆಯಿತು. ಮುಂದಿನ ಬಾರಿ ಅಂಥ ಕಾರ್ಯಕ್ರಮ ನೋಡುವಾಗ ಉತ್ತರ ಹೇಳುವುದನ್ನು ಬಿಟ್ಟು, ಚಿತ್ರ ಯಾವಾಗ ಬದಲಾಗುತ್ತದೆ, ಸ್ಪರ್ಧಿ ಯೋಚಿಸುವಾಗ ಯಾವ ಕ್ಯಾಮೆರಾ ತೋರಿಸುತ್ತಾರೆ ಎಂದು ಗಮನಿಸಿ. ಪಾಠ ಅಲ್ಲೇ ಇದೆ.

ಓದಿದ ಮೇಲೆ?

"ಓದ್ಸೋದು ಓದುಸ್ತೀನಿ. ಕೆಲ್ಸ ಸಿಕ್ತದಾ? ರಾತ್ರಿ ಪಾಳಿ ಇರ್ತದಂತೆ, ಹೆಣ್ಮಗಳು..." ಅಪ್ಪನ ಎರಡನೇ ಪ್ರಶ್ನೆ ಇದು. ಇದಕ್ಕೆ ಸಿಹಿ ಮಾತಿನ ಉತ್ತರ ಕೊಡಬಾರದು.

ಕನ್ನಡದಲ್ಲಿ 1994ರಲ್ಲಿ ಉದಯ ಬಂತು, 2000ದಲ್ಲಿ ಈಟಿವಿ ಬಂತು, 2006ರಲ್ಲಿ ಜೀ ಕನ್ನಡ ಮತ್ತು ಟಿವಿ9, 2007ರಲ್ಲಿ ಸುವರ್ಣ. ಹೀಗೆ ವಾಹಿನಿಗಳು ಒಂದರ ಹಿಂದೊಂದು ಬಂದಾಗ ಕೆಲಸ ಬಲ್ಲವರಿಗೆ ಹೊಸ ಹೊಸ ಬಾಗಿಲು ತೆರೆದವು. ಆ ಭರಾಟೆ ಈಗ ಇಲ್ಲ. ಮನರಂಜನೆಯ ದೊಡ್ಡ ಪಾಲು ಮೊಬೈಲ್ ಪರದೆಗೆ ಹೋಗಿದೆ. ಹಳೆಯ ಟೇಪುಗಳು ಹೋದವು, ಯಂತ್ರಗಳು ಚಿಕ್ಕವಾದವು, ಮೂವರು ಮಾಡುತ್ತಿದ್ದುದನ್ನು ಒಬ್ಬರು ಮಾಡುವ ಕಡೆಯೂ ಉಂಟು. ಆರಂಭದ ಸಂಬಳ ಹೆಚ್ಚೇನೂ ಇರುವುದಿಲ್ಲ. ಸುದ್ದಿ ವಾಹಿನಿಯಾದರೆ ಬೆಳಗಿನ ಜಾವದ ಪಾಳಿ, ರಾತ್ರಿ ಪಾಳಿ ಎರಡೂ ಇರುತ್ತವೆ. ಮನೆಯಿಂದ ಓಡಾಡುತ್ತೇನೆ ಎನ್ನುವವರು ಕೊನೆಯ ರೈಲಿನ ಹೊತ್ತನ್ನು ಮೊದಲೇ ನೋಡಿಕೊಳ್ಳಬೇಕು. ಪಾಳಿಯ ನಂತರ ಸಂಸ್ಥೆಯೇ ವಾಹನ ಕೊಡುತ್ತದೆಯೇ ಎಂದು ಕೇಳಲು ಸಂಕೋಚ ಪಡಬಾರದು.

ಇನ್ನೊಂದು ಮಗ್ಗುಲೂ ಇದೆ. ಸ್ಟುಡಿಯೊ ಕೆಲಸ ಬಲ್ಲವರು ಬೇಕಾಗಿರುವುದು ವಾಹಿನಿಗಳಿಗೆ ಮಾತ್ರ ಅಲ್ಲ. ವಿಶ್ವವಿದ್ಯಾನಿಲಯಗಳು ಪಾಠಗಳನ್ನು ಚಿತ್ರಿಸುತ್ತವೆ. ಆಸ್ಪತ್ರೆಗಳು ತರಬೇತಿಗೆ ಚಿತ್ರ ಮಾಡಿಸುತ್ತವೆ. ಕ್ರೀಡಾಕೂಟ, ಜಾತ್ರೆ, ಮದುವೆ, ಸಮ್ಮೇಳನಗಳ ನೇರ ಪ್ರಸಾರಕ್ಕೆ ಮೂರು ಕ್ಯಾಮೆರಾ ಮತ್ತು ಒಂದು ಮಿಕ್ಸರ್ ಇಟ್ಟುಕೊಂಡು ಸ್ವಂತ ಉದ್ಯೋಗ ಮಾಡುವವರಿದ್ದಾರೆ. ಯಂತ್ರ ಬದಲಾದರೂ ಬೆಳಕು, ಚೌಕಟ್ಟು, ಧ್ವನಿ, ಹೊತ್ತಿನ ಲೆಕ್ಕ ಬದಲಾಗಿಲ್ಲ. ಒಂದು ಯಂತ್ರದ ಗುಂಡಿಗಳನ್ನಷ್ಟೇ ಕಲಿತವರು ಆ ಯಂತ್ರದೊಡನೆ ಮೂಲೆ ಸೇರುತ್ತಾರೆ. ಕೆಲಸದ ತಿರುಳು ಕಲಿತವರಿಗೆ ಹೊಸ ಯಂತ್ರ ಎಂಟು ದಿನದ ಮಾತು.

ಸೇರುವ ಮುನ್ನ ಕೇಳಿ

ಕೋರ್ಸಿನ ದಾರಿಗಳು ಹಲವು. ಪಿಯುಸಿ ನಂತರ ಪತ್ರಿಕೋದ್ಯಮವನ್ನು ಒಂದು ವಿಷಯವಾಗಿ ಆರಿಸಿಕೊಂಡು ಪದವಿ ಓದಬಹುದು. ಡಿಜಿಟಲ್ ಮಾಧ್ಯಮ, ಚಿತ್ರ ನಿರ್ಮಾಣ ಕಲಿಸುವ ವೃತ್ತಿಪರ ಪದವಿಗಳೂ ಇವೆ. ಪದವಿಯ ನಂತರ ಮೈಸೂರು, ಬೆಂಗಳೂರು, ಮಂಗಳೂರು ವಿಶ್ವವಿದ್ಯಾನಿಲಯಗಳಲ್ಲಿ ಸ್ನಾತಕೋತ್ತರ ಅಧ್ಯಯನವುಂಟು. ಪುಣೆಯ ಸಂಸ್ಥೆಯ ಟೆಲಿವಿಷನ್ ವಿಭಾಗ 1970ರ ದಶಕದಲ್ಲಿ ದೆಹಲಿಯಿಂದ ಬಂದದ್ದು. ಅಲ್ಲಿನ ಟೆಲಿವಿಷನ್ ಕೋರ್ಸುಗಳಿಗೆ ಪದವಿ ಮುಗಿಸಿ ಪ್ರವೇಶ ಪರೀಕ್ಷೆ ಬರೆಯಬೇಕು. ಹೆಸರಘಟ್ಟದ್ದು ಡಿಪ್ಲೊಮಾ ದಾರಿ. ಅರ್ಹತೆ, ಶುಲ್ಕ, ಮೀಸಲಾತಿ, ವಿದ್ಯಾರ್ಥಿವೇತನಗಳ ವಿವರವನ್ನು ಆಯಾ ವರ್ಷದ ಪ್ರಕಟಣೆಯಲ್ಲೇ ನೋಡಬೇಕು. ನೆರೆಮನೆಯವರ ಮಾತು ನಂಬಿ ಹಣ ಕಟ್ಟಬಾರದು.

ಕಾಲೇಜು ನೋಡಲು ಹೋದಾಗ ಹೆತ್ತವರು ಹೊಳೆಯುವ ಸ್ಟುಡಿಯೊ ಕಂಡು ಬೆರಗಾಗುವುದು ಸಹಜ. ಬೆರಗಾದ ಮೇಲೆ ಈ ಪ್ರಶ್ನೆಗಳನ್ನು ಕೇಳಿ:

ಸ್ಟುಡಿಯೊ ವಾರಕ್ಕೆ ಎಷ್ಟು ಗಂಟೆ ವಿದ್ಯಾರ್ಥಿಗಳಿಗೆ ತೆರೆದಿರುತ್ತದೆ? ಅತಿಥಿಗಳು ಬಂದಾಗ ಮಾತ್ರ ಬೀಗ ತೆಗೆಯುವ ಸ್ಟುಡಿಯೊ ಪ್ರಯೋಜನವಿಲ್ಲ.

ಒಂದು ಕ್ಯಾಮೆರಾಗೆ ಎಷ್ಟು ವಿದ್ಯಾರ್ಥಿಗಳು? ಪ್ರತಿಯೊಬ್ಬರಿಗೂ ಕೋರ್ಸು ಮುಗಿಯುವುದರೊಳಗೆ ಒಮ್ಮೆಯಾದರೂ ನಿರ್ದೇಶನ, ಮಿಕ್ಸರ್, ಧ್ವನಿ ಎಲ್ಲವೂ ಸಿಗುತ್ತದೆಯೇ?

ಯಂತ್ರ ಕೆಟ್ಟರೆ ಸರಿಪಡಿಸುವ ತಂತ್ರಜ್ಞರು ಕಾಲೇಜಿನಲ್ಲೇ ಇದ್ದಾರೆಯೇ?

ಹೋದ ವರ್ಷದ ವಿದ್ಯಾರ್ಥಿಗಳು ಮಾಡಿದ ಕಾರ್ಯಕ್ರಮ ತೋರಿಸುತ್ತೀರಾ? ಇದೊಂದೇ ಪ್ರಶ್ನೆಯಿಂದ ಅರ್ಧ ಸತ್ಯ ಹೊರಬರುತ್ತದೆ.

ಕನ್ನಡದಲ್ಲಿ ಬರೆಯಲು, ಮಾತನಾಡಲು ತರಬೇತಿ ಇದೆಯೇ? ಕನ್ನಡ ಕಾರ್ಯಕ್ರಮ ಮಾಡುವವರಿಗೆ ನೆಟ್ಟಗೆ ಕನ್ನಡ ಬರೆಯಲು ಬರಬೇಕು. ನಮ್ಮ ಸರ್ಕಾರಿ ಶಾಲೆಯ ಮಕ್ಕಳ ಬಂಡವಾಳ ಇದು. ಇದನ್ನು ಕೀಳೆಂದು ತಿಳಿಯಬೇಕಿಲ್ಲ.

ಕೋರ್ಸಿಗೆ ಯಾವ ವಿಶ್ವವಿದ್ಯಾನಿಲಯದ ಮಾನ್ಯತೆ ಇದೆ? ಕೊನೆಯಲ್ಲಿ ಎಲ್ಲಿ, ಎಷ್ಟು ವಾರ ಕೆಲಸದ ಅನುಭವಕ್ಕೆ ಕಳುಹಿಸುತ್ತಾರೆ?

ಸ್ಟುಡಿಯೊ ಇಲ್ಲದೆಯೂ

ಸೀಟು ಸಿಗುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಮನೆಯಲ್ಲಿ, ನೆರೆಯಲ್ಲಿ ಮೂರು ಮೊಬೈಲುಗಳಿದ್ದರೆ ಮೂರು ಕ್ಯಾಮೆರಾ ಇದ್ದಂತೆಯೇ. ಚನ್ನಪಟ್ಟಣದ ಬೊಂಬೆ ಮಾಡುವವರೊಬ್ಬರನ್ನು ಕೇಳಿಕೊಂಡು ಅವರ ಕೆಲಸವನ್ನು ಐದು ನಿಮಿಷ ಚಿತ್ರಿಸಿ. ಒಂದು ಮೊಬೈಲು ದೂರದಿಂದ ಇಡೀ ಕೋಣೆ ತೋರಿಸಲಿ, ಎರಡನೆಯದು ಮುಖ, ಮೂರನೆಯದು ಕೈ. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದೊಡನೆ ಉಜ್ಜಿದ ಬಿಸಿಗೇ ಅರಗು ಕರಗಿ ಬಣ್ಣ ಹರಡುವ ಕ್ಷಣವುಂಟಲ್ಲ, ಆಗ ತೋರಿಸಬೇಕಾದ್ದು ಮುಖವನ್ನೋ ಕೈಯನ್ನೋ? ಕೈ ತೋರಿಸಿದರೆ ಎಷ್ಟು ಹೊತ್ತು? ಮೂರೂ ಮೊಬೈಲನ್ನು ಒಟ್ಟಿಗೆ ಚಾಲೂ ಮಾಡಿ ಒಮ್ಮೆ ಚಪ್ಪಾಳೆ ತಟ್ಟಿ. ಆ ಸದ್ದನ್ನು ಗುರುತಾಗಿಟ್ಟುಕೊಂಡು ಆಮೇಲೆ ಮೂರನ್ನೂ ಜೋಡಿಸಬಹುದು. ಮೊದಲ ಪ್ರಯತ್ನ ಖಂಡಿತ ಕೆಡುತ್ತದೆ. ಏಕೆ ಕೆಟ್ಟಿತೆಂದು ತಿಳಿದರೆ ಮೊದಲ ತರಗತಿ ಮುಗಿದಂತೆ.

ಬೈರಾಪಟ್ಟಣದ ಹುಡುಗಿ ಇದನ್ನು ಮನೆಯಲ್ಲೇ ಮಾಡಿ ನೋಡಿದಳು. ಚಿತ್ರಿಸಿದ್ದು ಬೊಂಬೆಯನ್ನಲ್ಲ, ಹುಳುಮನೆಯಲ್ಲಿ ಸೊಪ್ಪು ಹಾಕುತ್ತಿದ್ದ ಅಪ್ಪನನ್ನು. ತಮ್ಮ ಒಂದು ಮೊಬೈಲು ಹಿಡಿದಿದ್ದ, ಅಮ್ಮ ಇನ್ನೊಂದು. ಚಿತ್ರ ಅಲ್ಲಲ್ಲಿ ಅಲುಗಾಡಿತ್ತು. ಅಮ್ಮ ಹಿಡಿದದ್ದರಲ್ಲಿ ಅಪ್ಪನ ತಲೆಯೇ ಇರಲಿಲ್ಲ. ಧ್ವನಿ ಮಾತ್ರ ಚೆನ್ನಾಗಿ ಬಂದಿತ್ತು: ಸಾವಿರಾರು ಹುಳು ಸೊಪ್ಪು ತಿನ್ನುವಾಗ ಸೋನೆ ಮಳೆಯಂತೆ ಕೇಳುವ ಆ ಸದ್ದು.

ಅಪ್ಪ ಮೊಬೈಲನ್ನು ಕಿವಿಯ ಹತ್ತಿರ ಹಿಡಿದು ಎರಡು ಸಲ ಕೇಳಿದರಂತೆ. "ದಿನಾ ಕೇಳೋ ಸದ್ದೇ. ಇಷ್ಟು ಚೆನ್ನಾಗದೆ ಅಂತ ಗೊತ್ತಿರ್ಲಿಲ್ಲ" ಎಂದರಂತೆ. ಅರ್ಜಿಗೆ ಸಹಿ ಹಾಕುವ ಮುನ್ನ ತಾವೇ ಒಮ್ಮೆ ಕಾಲೇಜು ನೋಡಿ ಬರುತ್ತೇನೆಂದು ಹೇಳಿದ್ದಾರೆ. ಮೇಲಿನ ಆರು ಪ್ರಶ್ನೆಗಳನ್ನು ಮಗಳು ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದಾಳೆ. ಅದು ಅವರ ಅಂಗಿ ಜೇಬಿನಲ್ಲಿದೆ.